ಎರಡು ಗಂಟಿನ ಪರದೆ

ದುಂಡಸಿ
೧೮ ಮಾರ್ಚ್ ೨೦೨೪

ಗೆಳೆಯಾ ಶಹಾಬುದ್ದೀನ,

ಎದ್ದು ನಿಲ್ಲು! ಒಂಬತ್ತು ವರ್ಷದ ಮೇಲೆ ರಾಜ ನಿನ್ನ ಬಾಗಿಲಿಗೆ ಬಂದಿದ್ದಾನೆ. ಕಿರೀಟವಿಲ್ಲ, ಕತ್ತಿಯಿಲ್ಲ, ಅಂಚೆಯ ಲಕೋಟೆಯೊಳಗೆ ಮಡಚಿಕೊಂಡು ಬಂದಿದ್ದಾನೆ. ಫೋನು ಮಾಡಬಹುದಿತ್ತು. ಆದರೆ ನನ್ನ ಧ್ವನಿ ಕೇಳಿದರೆ ನೀನು ಇಟ್ಟುಬಿಡುತ್ತೀ. ಕಾಗದವಾದರೆ ಹರಿಯುವ ಮುಂಚೆ ಅರ್ಧವಾದರೂ ಓದುತ್ತೀ.

ಹಳೆಯದನ್ನು ಮೊದಲು ಮುಗಿಸುತ್ತೇನೆ. ಹಾನಗಲ್ಲಿನ ಆ ಕೊನೆಯ ನಾಟಕ. ನಿನ್ನ ಡ್ರಾಮಾ ಸೀನ್ಸಿನ ಗಾಡಿ, ಬಾಡಿಗೆ ಪರದೆಗಳನ್ನು ಹೊತ್ತದ್ದು, ಬಂಕಾಪುರದ ಹತ್ತಿರ ಕೆಟ್ಟು ತಡವಾಗಿ ಬಂತು. ಜನ ಕೂಗುತ್ತಿದ್ದರು. ನಿನಗೆ ಕೈ ಸಾಲದೆಂದು, ಅರ್ಧ ಬಣ್ಣ ಹಚ್ಚಿಕೊಂಡ ಮುಖದಲ್ಲೇ ನಾನು ಏಣಿ ಹತ್ತಿ ಪರದೆಗಳ ಹಗ್ಗ ಕಟ್ಟಿದೆ. ಯಾವ ರಾಜ ಹಾಗೆ ಮಾಡಿದ್ದಾನೆ, ಹೇಳು! ಕೊನೆಯ ಅಂಕ. ರಾಜ್ಯ ಕಳೆದುಕೊಂಡವನು ಕಾಡಿನಲ್ಲಿ ಅಲೆಯುತ್ತ "ತಲೆಯ ಮೇಲೊಂದು ಸೂರಿಲ್ಲವೇ, ದೈವವೇ!" ಎಂದು ಎದೆ ಬಡಿದುಕೊಳ್ಳುತ್ತಿದ್ದೇನೆ, ಹಿಂದೆ ನೀನು ಇಳಿಸಿದ್ದು ಬಂಗಾರದ ಸಿಂಹಾಸನ, ಎರಡು ನವಿಲು, ಹನ್ನೆರಡು ಕಂಬದ ದರ್ಬಾರು! ಜನ ಸಿಳ್ಳೆ ಹೊಡೆದು ನಕ್ಕರು. ನಾನು ರಂಗದ ಮೇಲಿಂದಲೇ ನಿನಗೊಂದು ಮಾತು ಅಂದೆ. ಅದು ನಿನಗೂ ನೆನಪಿದೆ, ನನಗೂ ಇದೆ. ಇಲ್ಲಿ ಬರೆಯುವುದಿಲ್ಲ.

ಈಗ ವಿಷಯ. ದುಂಡಸಿ ಕ್ರಾಸಿನ ಎರಡು ಹುಣಸೆಮರ ನಿನಗೆ ಗೊತ್ತು. ಅದರ ಕೆಳಗೆ ಕೂತು ನಾವು ಎಷ್ಟು ನಾಟಕದ ಮಾತು ಬಾಯಿಪಾಠ ಮಾಡಿದ್ದೇವೆ! ಹೋದ ವರ್ಷ ರಸ್ತೆ ಅಗಲ ಮಾಡುವಾಗ ಎರಡನ್ನೂ ಕಡಿದರು. ನಮ್ಮೂರ ಹೆಣ್ಣಾಳುಗಳು ಹೊಲದ ಟೆಂಪೋಕ್ಕೆ ಕಾಯುವುದು, ಇಳಿಯುವುದು ಎಲ್ಲ ಅಲ್ಲೇ. ಈಗ ಅಲ್ಲಿ ಕಾಗೆ ಕೂರಲೂ ನೆರಳಿಲ್ಲ. ಹೋದ ವಾರ ಸರೋಜವ್ವ ಎಂಬಾಕೆ, ನನ್ನ ಬೀಜದ ಹೊಲಕ್ಕೆ ಆರು ವರ್ಷದಿಂದ ಬರುವವಳು, ತಲೆ ತಿರುಗುತ್ತದೆ ಎಂದು ಮಧ್ಯಾಹ್ನ ಎರಡಕ್ಕೆ ಕೆಲಸ ಬಿಟ್ಟು ಬಂದಳು. ಸರಿಯಾಗಿ ಆ ಮರವಿದ್ದ ಜಾಗದಲ್ಲೇ ಕುಸಿದುಬಿದ್ದಳು. ಶಿಗ್ಗಾವಿಯ ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು.

ನನ್ನ ರಕ್ತ ಕುದಿಯಿತು! ನಿನ್ನ ಅಟ್ಟದ ಮೇಲೆ ಒಂದು ಕಾಡಿದೆ, ಪರದೆಯ ಮೇಲೆ ನೀನೇ ಬರೆದ ಕಾಡು. ಕಳಿಸು. ನಾಲ್ಕು ಬಿದಿರು ನೆಟ್ಟು, ಚಪ್ಪರದ ಹಾಗೆ ಮೇಲೆ ಕಟ್ಟುತ್ತೇನೆ. ಕಾಡು ಕಡಿದ ಜಾಗದಲ್ಲಿ ನಿನ್ನ ಕಾಡು ನೆರಳು ಕೊಡಲಿ.

ನಿನ್ನ ಬಾಗಿಲಲ್ಲಿ ನಿಂತವನು,
ಪರಮೇಶ್ವರಪ್ಪ


ಸವಣೂರು
೨೬ ಮಾರ್ಚ್ ೨೦೨೪

ಪರಮೇಶ್ವರಪ್ಪನವರಿಗೆ,

ಕಾಗದ ಪೂರ್ತಿ ಓದಿದೆ.

ಆ ನಾಟಕದ ಮೇಲೆ ನಾನು ಸೀನ್ಸಿನ ಕೆಲಸ ಬಿಟ್ಟೆ. ಈಗ ಬಾಗಿಲು, ಕಿಟಕಿ, ಅಂಗಡಿ ಬೋರ್ಡುಗಳಿಗೆ ಬಣ್ಣ ಹಚ್ಚುತ್ತೇನೆ. ಪರದೆಗಳು ಅಟ್ಟದ ಮೇಲಿವೆ. ಹಾನಗಲ್ಲಿನಿಂದ ಹೇಗೆ ಸುತ್ತಿಕೊಂಡು ಬಂದೆನೋ ಹಾಗೆಯೇ ಇವೆ, ಬಿಚ್ಚಿಲ್ಲ. ನಿಮಗೆ ಮರೆತಿರಬಹುದು, ಕತ್ತಲೆಯಲ್ಲಿ ಗುರುತು ಸಿಗಲೆಂದು ಹಗ್ಗದ ತುದಿಗೆ ಗಂಟು ಹಾಕುತ್ತಿದ್ದೆವು. ಒಂದು ಗಂಟು ಬೀದಿ, ಎರಡು ಕಾಡು, ಮೂರು ದರ್ಬಾರು. ಎರಡು ಗಂಟಿನ ಸುರುಳಿಯನ್ನು ನಿಮ್ಮೂರ ಟೆಂಪೋದ ಮೈಲಾರಪ್ಪನ ಕೈಯಲ್ಲಿ ಕಳಿಸಿದ್ದೇನೆ. ಬಾಡಿಗೆ ಬೇಡ.

ಒಂದು ತಿಳಿಯಲಿಲ್ಲ. ಆ ಹೆಣ್ಣುಮಗಳಿಗೆ ತಲೆ ತಿರುಗಿದ್ದು ಹೊಲದಲ್ಲಿ ಎಂದು ನೀವೇ ಬರೆದಿದ್ದೀರಿ. ಕ್ರಾಸಿಗೆ ಬರುವ ಮುಂಚೆಯೇ. ನಿಮ್ಮ ಹೊಲದಲ್ಲಿ ನೆರಳು ಎಲ್ಲಿದೆ?

ಇತಿ,
ಶಹಾಬುದ್ದೀನ, ಪೇಂಟರ್


ದುಂಡಸಿ
೭ ಏಪ್ರಿಲ್ ೨೦೨೪

ಶಹಾಬುದ್ದೀನ,

ಮತ್ತೆ ಅದೇ ತಪ್ಪು! ಮತ್ತೆ ಅದೇ!

ಊರ ಜನರನ್ನೆಲ್ಲ ಕರೆದಿದ್ದೆ. ಬಿದಿರು ನೆಟ್ಟೆವು. "ನೋಡಿರಿ, ಸವಣೂರಿನಿಂದ ಕಾಡು ಬಂದಿದೆ!" ಎಂದು ಗುಡುಗಿ ಸುರುಳಿಯ ದಾರ ಕತ್ತರಿಸಿದೆ. ಬಿಚ್ಚಿಕೊಂಡದ್ದು ಏನು? ಸಿಂಹಾಸನ! ನವಿಲು! ಹನ್ನೆರಡು ಕಂಬ! ಎರಡನೆಯ ಸಲ ನನ್ನನ್ನು ದರ್ಬಾರಿನಲ್ಲಿ ನಿಲ್ಲಿಸಿ ಜನರನ್ನು ನಗಿಸಿದೆಯಲ್ಲೋ!

ಕಟ್ಟದೆ ಇರಲಾಗಲಿಲ್ಲ, ಬಿಸಿಲು ಹಾಗಿತ್ತು. ಬಣ್ಣದ ಮೈ ಕೆಳಗೆ ಮಾಡಿ ಕಟ್ಟಿದೆವು. ಮೂಡಣದ ಅಂಚನ್ನು ಗೋಡೆಯ ಹಾಗೆ ಇಳಿಬಿಟ್ಟೆವು. ಕೆಳಗೆ ಕೂತು ತಲೆ ಎತ್ತಿದರೆ ಸಿಂಹಾಸನ ಕಾಣುತ್ತದೆ. ಮೊದಲ ದಿನವೇ ಹೆಣ್ಣಾಳುಗಳ ಚೇಷ್ಟೆ ಶುರುವಾಯಿತು. ದಿಲ್ಶಾದ ಎಂಬ ಹುಡುಗಿ ಇದ್ದಾಳೆ, ನಾಲಿಗೆ ಅಲ್ಲ ಅದು, ಕುಡುಗೋಲು. ಮೈಲಾರಪ್ಪ ಹಾರ್ನ್ ಹೊಡೆದರೆ ಕೂತಲ್ಲಿಂದಲೇ ಹೇಳುತ್ತಾಳೆ:

"ಏ ಮೈಲಾರಣ್ಣ, ದರ್ಬಾರ ನಡದೈತಿ. ಕೈ ಮುಗದು ಒಳಗ ಬಾ."

"ಬರ್ತೇನವ್ವ ಮಹಾರಾಣಿ, ನಿನ್ನ ರಥಕ್ಕ ಡೀಸೆಲ್ ಯಾರು ಹಾಕತಾರ?"

ಹೀಗೆ ನಗುತ್ತ ಹತ್ತುತ್ತಾರೆ. ಊರು ನನ್ನನ್ನು ಹೊಗಳುತ್ತಿದೆ.

ನೀನು ಕೇಳಿದ ಮಾತಿಗೆ ಬರುತ್ತೇನೆ. ಬಣ್ಣದವನಿಗೆ ಬೇಸಾಯ ತಿಳಿಯದು, ಅದಕ್ಕೇ ವಿವರಿಸುತ್ತೇನೆ. ನನ್ನದು ಟೊಮ್ಯಾಟೊ ಬೀಜದ ಬೆಳೆ. ಹಿರೇಕೆರೂರಿನ ಬೀಗರಿಂದ ಕಲಿತದ್ದು. ಹುಳ ಬರಬಾರದೆಂದು ಸುತ್ತಲೂ ಸಣ್ಣ ಕಣ್ಣಿನ ಬಲೆ ಕಟ್ಟಿದ ನೆಟ್ ಹೌಸು. ಹುಳ ಬರುವುದಿಲ್ಲ, ನಿಜ. ಗಾಳಿಯೂ ಬರುವುದಿಲ್ಲ. ಸಂಜೆ ನಾಲ್ಕರ ಮೇಲೆ ಹೆಣ್ಣುಗಿಡದ ಮೊಗ್ಗು ಬಿಡಿಸಿ, ಅದರ ಗಂಡು ಭಾಗವನ್ನು ಚಿಮಟದಿಂದ ಕೀಳಬೇಕು. ಮರುದಿನ ಬೆಳಗ್ಗೆ ಹನ್ನೊಂದರೊಳಗೆ ಅದಕ್ಕೆ ಬೇರೆ ಜಾತಿಯ ಪರಾಗ ಮುಟ್ಟಿಸಬೇಕು. ಒಂದು ಬೆಳಗು ತಪ್ಪಿದರೆ ಆ ಹೂವೆಲ್ಲ ಹಾಳು. ಬೀಜ ಕೊಳ್ಳುವ ಕಂಪನಿಯ ಫೀಲ್ಡಿನವನು ಆನಂದ ದಿನಾ ಬಂದು ನೋಡುತ್ತಾನೆ. ಇದು ಹೂವಿನ ಗಡಿಯಾರ, ನನ್ನ ಗಡಿಯಾರವಲ್ಲ. ನಾನೇನು ಮಾಡಲಿ?

ಸರೋಜವ್ವ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾಳೆ.

ದರ್ಬಾರಿಲ್ಲದ ರಾಜ, ಬೇಡವೆಂದರೂ ದರ್ಬಾರು ಸಿಕ್ಕವನು,
ಪರಮೇಶ್ವರಪ್ಪ


ಸವಣೂರು
೧೯ ಏಪ್ರಿಲ್ ೨೦೨೪

ಪರಮೇಶ್ವರಪ್ಪನವರಿಗೆ,

ನಾನು ಗಂಟು ಎಣಿಸಿಯೇ ಕಳಿಸಿದ್ದೇನೆ. ಹಗ್ಗ ನಿಮ್ಮ ಹತ್ತಿರವೇ ಇದೆ. ಗಂಟು ನೋಡಿರಿ.

ನಿನ್ನೆ ಗುರುವಾರ ನಮ್ಮ ಮನೆಯಾಕೆ ರಮಜಾನಬಿಯನ್ನು ಕರೆದುಕೊಂಡು ಹುಲಗೂರಿನ ದರ್ಗಾಕ್ಕೆ ಹೋಗಿದ್ದೆ. ಅವಳ ತವರು ಅದು. ಅಲ್ಲಿ ದುಂಡಸಿಯ ಒಬ್ಬಾಕೆ ಹರಕೆಯ ಸಕ್ಕರೆ ಓದಿಸಲು ಬಂದಿದ್ದಳು. ರಮಜಾನಬಿ ಮಾತಿಗೆ ಎಳೆದಳು. ಹೆಸರು ಸರೋಜವ್ವ ಎಂದಳು. ಅವರಿಬ್ಬರ ಮಾತನ್ನು ಕೇಳಿದ ಹಾಗೆಯೇ ಬರೆಯುತ್ತೇನೆ.

"ಆರಾಮ ಆಗೇತೇನವ್ವ?"

"ಆರಾಮ ಆಗಿ ಇಪ್ಪತ್ತು ದಿನ ಆತು ಬೀಬಿ. ಆದ್ರ ಟೆಂಪೋದಾಗ ನನ್ನ ಹತ್ತಿಸ್ಕೊಳ್ಳೂದಿಲ್ಲ. ಮೈಲಾರಣ್ಣ ತಲಿ ತಗ್ಗಿಸಿ 'ನಿನ್ನ ಬ್ಯಾಡ ಅಂದಾರವ್ವ' ಅಂತಾನ."

"ಯಾರು ಅಂದಾರ?"

"ಅದನ್ನ ಅಂವ ಹೇಳವಲ್ಲ. ಮ್ಯಾಲ ಸಿಂಹಾಸನ ಕಟ್ಟ್ಯಾರ, ಕೆಳಗ ನನಗೊಂದು ಕುಂದ್ರಾಕ ಜಾಗ ಇಲ್ಲ ನೋಡ್ರಿ."

ಯಾರು ಅಂದವರು? ಅವಳಿಗೆ ಗೊತ್ತಿಲ್ಲ. ನಾನು ನಿಮ್ಮನ್ನು ಕೇಳುತ್ತಿದ್ದೇನೆ.

ಇನ್ನೊಂದು. ಬೇಸಾಯ ನನಗೆ ತಿಳಿಯದು, ಒಪ್ಪಿದೆ. ಬೆಳಗಿನ ಕೆಲಸ ಹನ್ನೊಂದಕ್ಕೆ ಮುಗಿಯುತ್ತದೆ, ಸಂಜೆಯದು ನಾಲ್ಕಕ್ಕೆ ಶುರುವಾಗುತ್ತದೆ ಎಂದು ನೀವು ಬರೆದಿದ್ದೀರಿ. ಹಾಗಾದರೆ ಮಧ್ಯಾಹ್ನ ಎರಡಕ್ಕೆ, ಆ ಬಲೆಯೊಳಗೆ, ಅವಳು ಏನು ಮಾಡುತ್ತಿದ್ದಳು?

ಹಾನಗಲ್ಲಿನಲ್ಲಿ ನೀವು ಅಂದ ಮಾತನ್ನು ನೀವು ಬರೆಯಲಿಲ್ಲ. ನಾನು ಬರೆಯುತ್ತೇನೆ. "ಪರದೆ ಎಳೆಯೋ ಕೂಲಿಗೆ ಏನ ತಿಳೀತೈತಿ?" ಅದು ಸಿಟ್ಟಿನ ಮಾತು ಎಂದು ಒಂಬತ್ತು ವರ್ಷ ತಿಳಿದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಉತ್ತರ ಬಂದರೆ ಓದುವವನು,
ಶಹಾಬುದ್ದೀನ


ಸವಣೂರು
೪ ಮೇ ೨೦೨೪

ಪರಮೇಶ್ವರಪ್ಪನವರಿಗೆ,

ಹದಿನೈದು ದಿನವಾಯಿತು. ಪರದೆ ಬೇಡವಾಗಿದ್ದರೆ ಮೈಲಾರಪ್ಪನ ಕೈಯಲ್ಲಿ ಕಳಿಸಿಬಿಡಿರಿ. ಹಗ್ಗವನ್ನೂ.

ಶಹಾಬುದ್ದೀನ


ದುಂಡಸಿ
೧೪ ಮೇ ೨೦೨೪

ಶಹಾಬುದ್ದೀನ,

ಬೇಡ ಎಂದವನು ನಾನು.

ಚನ್ನೇಶನ ಅಂಗಳದಲ್ಲಿ ಬೀಜ ಬೆಳೆಯುವ ನಾಲ್ವರು ಕೂತಿದ್ದೆವು. ಚನ್ನೇಶ ನನ್ನ ದೊಡ್ಡಪ್ಪನ ಮಗ, ನನಗಿಂತ ಎರಡು ನೆಟ್ ಹೌಸು ಹೆಚ್ಚಿನವನು. ಆನಂದ ಹೇಳಿದ, "ಬಿದ್ದು ಏಳೋರ್ನ ತರಬ್ಯಾಡ್ರಿ, ನಾಳೆ ಒಳಗ ಏನರ ಆದ್ರ ನಿಮ್ಮ ತಲಿಗೆ ಬರ್ತೈತಿ." ಎಲ್ಲರೂ ಗೋಣು ಹಾಕಿದರು. ಮೈಲಾರಪ್ಪನಿಗೆ ಹೇಳುವವರು ಯಾರು ಎಂಬ ಪ್ರಶ್ನೆ ಬಂತು. ದೊಡ್ಡ ಧ್ವನಿ ನನ್ನದು. ನಾನೇ ಹೇಳಿದೆ. ಹೇಳಿದ ವಾರದಲ್ಲೇ ನಿನಗೆ ಕಾಗದ ಬರೆದು ಕಾಡು ಕೇಳಿದ್ದು.

ನಿನ್ನ ಎರಡನೆಯ ಪ್ರಶ್ನೆ. ಹನ್ನೊಂದರಿಂದ ನಾಲ್ಕರವರೆಗೆ ಅವರು ಒಳಗೆ ಕಳೆ ತೆಗೆಯುತ್ತಿದ್ದರು, ಬಳ್ಳಿ ಕಟ್ಟುತ್ತಿದ್ದರು. ಬಿಸಿಲು ಇಳಿದ ಮೇಲೂ ಮಾಡಬಹುದಾದ ಕೆಲಸ. ಕೂತರೆ ರೂಢಿಯಾಗುತ್ತದೆ ಎಂದು ಕೂರಿಸುತ್ತಿರಲಿಲ್ಲ. ಬೇರೆ ಕಾರಣವಿಲ್ಲ.

ಇಷ್ಟನ್ನು ಬರೆಯಲು ಇಷ್ಟು ದಿನ ಬೇಕಾಯಿತು. ಪರದೆ ಕಳಿಸಿಬಿಡು ಎಂಬ ನಿನ್ನ ಕಾಗದ ಬಂದ ಮೇಲೂ ಸುಮ್ಮನೇ ಇರುತ್ತಿದ್ದೆನೇನೋ. ಆದರೆ ಮೊನ್ನೆ ಎಂಟನೇ ತಾರೀಕು ಬುಧವಾರ ನಡೆದದ್ದನ್ನು ಹೇಳದಿದ್ದರೆ ನನ್ನ ಎದೆ ಒಡೆಯುತ್ತದೆ.

ಬೆಳಗ್ಗೆ ಟೆಂಪೋ ಬಂದು ನಿಂತಿದೆ. ಪರದೆಯ ಕೆಳಗೆ ಇಪ್ಪತ್ತೆರಡು ಹೆಂಗಸರು. ನಡುವೆ ಸರೋಜವ್ವ, ತಲೆಯ ಮೇಲೆ ಸರಿಯಾಗಿ ಸಿಂಹಾಸನ. ಮೈಲಾರಪ್ಪ ಹಾರ್ನ್ ಹೊಡೆದ. ಯಾರೂ ಏಳಲಿಲ್ಲ. ದಿಲ್ಶಾದ ಹೇಳಿದಳು, "ಸರೋಜಕ್ಕ ಹತ್ತಿದ್ರ ನಾವು ಹತ್ತತೇವಿ. ಹನ್ನೆರಡರಿಂದ ಮೂರೂವರಿ ಮಟ ಹೊರಗ ನೆರಳಾಗ ಕುಂದರ್ತೇವಿ. ಅದರ ಬದ್ಲಿ ಮುಂಜಾನೆ ಒಂದೂವರಿ ತಾಸು ಮದಲ ಬರ್ತೇವಿ, ಸಂಜಿ ಎರಡು ತಾಸು ತಡಾ ಹೋಗ್ತೇವಿ. ಮತ್ತ ಹೊಲದಾಗ ಕುಡಿಯೂ ನೀರು. ಇಷ್ಟ."

ಲೆಕ್ಕ ನೋಡಿದೆಯಾ? ಹಿಂದಿನ ಸಂಜೆ ಅವರೇ ಸಾವಿರಾರು ಮೊಗ್ಗು ಬಿಡಿಸಿಟ್ಟು ಹೋಗಿದ್ದರು. ಹನ್ನೊಂದರೊಳಗೆ ಪರಾಗ ಮುಟ್ಟದಿದ್ದರೆ ನಾಲ್ಕೂ ಜನರ ಹೂವು ಸತ್ತಂತೆ. ಹೂವಿನ ಗಡಿಯಾರ ಎಂದು ನಿನಗೆ ಜಂಭದಿಂದ ಬರೆದಿದ್ದೆನಲ್ಲ, ಅದೇ ಗಡಿಯಾರವನ್ನು ಹಿಡಿದುಕೊಂಡು ಅವರು ಕೂತಿದ್ದರು.

ಚನ್ನೇಶ ಮೋಟಾರ್ ಸೈಕಲ್ ಮೇಲೆ ಬಂದ. "ಏನಿದು ಸರ್ಕಸ್? ತಡಸದಿಂದ ಆಳು ತರಸ್ತೇನಿ!" ಎಂದ.

"ತರಸ್ರಿ ಗೌಡ್ರ," ಎಂದಳು ದಿಲ್ಶಾದ, "ತಡಸದಾಗ ನಮ್ಮ ಅಕ್ಕಾನ ಆಳು ಕೂಡಸ್ತಾಳ. ಫೋನ್ ಹಚ್ಚಿ ಕೊಡ್ಲೇನು?"

ಚನ್ನೇಶ ನನ್ನ ಕಡೆ ತಿರುಗಿದ. "ಪರಮಣ್ಣ, ನೀನರ ಹೇಳು. ನಿನ್ನ ಮಾತು ಕೇಳತಾರ."

ಶಹಾಬುದ್ದೀನ, ನನಗೆ ಆಗ ನಾಲ್ಕು ಮಾತು ಗೊತ್ತಿದ್ದವು. ಹೆದರಿಸುವ ಮಾತು, ಅಳಿಸುವ ಮಾತು, ದಾನಶೂರನ ಮಾತು, ನ್ಯಾಯ ಹೇಳುವ ರಾಜನ ಮಾತು. ನಾಲ್ಕೂ ನಾಲಿಗೆಯ ತುದಿಗೆ ಬಂದವು. ಕೈ ಆಡಿಸಲು ಜಾಗ ಬೇಕೆಂದು ಬಿದಿರಿಗೆ ಕಟ್ಟಿದ ಹಗ್ಗವನ್ನು ಪಕ್ಕಕ್ಕೆ ಸರಿಸಿದೆ. ತುದಿ ಬೆರಳಿಗೆ ಸಿಕ್ಕಿತು. ಎರಡು ಗಂಟು. ನೀನು ಹಾಕುವ ಗಂಟು ಸಣ್ಣದು, ಬಿಗಿ, ಒಳಸುತ್ತಿನದು. ಇದು ಎತ್ತನ್ನು ಕಟ್ಟುವವನ ಗಂಟು. ದೊಡ್ಡದು, ಹೊರಸುತ್ತಿನದು. ನನ್ನದು.

ಹಾನಗಲ್ಲಿನಲ್ಲಿ ಅರ್ಧ ಬಣ್ಣದ ಮುಖದಲ್ಲಿ ಏಣಿ ಹತ್ತಿ ದರ್ಬಾರಿನ ಹಗ್ಗಕ್ಕೆ ಎರಡು ಗಂಟು ಹಾಕಿದವನು ನಾನು. ನೀನು ಗಂಟು ಎಣಿಸಿ ಸರಿಯಾಗಿಯೇ ಎಳೆದಿದ್ದೆ.

ಗೊತ್ತಿತ್ತಲ್ಲವೇ ನಿನಗೆ? ಅವತ್ತೇ ಗೊತ್ತಿತ್ತು. ಸುತ್ತುವಾಗ ನೋಡಿರುತ್ತೀ.

ನನ್ನ ಬಾಯಿಂದ ಒಂದೇ ಮಾತು ಬಂತು, ಅದೂ ಮೆಲ್ಲಗೆ. "ಸರೋಜವ್ವ, ನಿನ್ನ ಬ್ಯಾಡ ಅಂದಾಂವ ನಾನು."

ಸರೋಜವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇದು ಯಾವ ನಾಟಕದ್ದರಿ ಗೌಡ್ರ?"

"ನಾಟಕದ್ದಲ್ಲವ್ವ."

"ಮಾತಾಗ ನಿಮ್ಮನ್ನ ಗೆದ್ದಾವ್ರಿಲ್ಲ. ಆರು ವರ್ಷ ಕೇಳೇನಿ. ಬರದು ಕೊಡ್ರಿ."

ಕಾಗದವಿರಲಿಲ್ಲ. ಚಹಾದಂಗಡಿಯ ಒಲೆಯಿಂದ ದಿಲ್ಶಾದ ಇದ್ದಿಲು ತಂದಳು. ಇಳಿಬಿಟ್ಟ ಅಂಚಿನಲ್ಲಿ ನಿನ್ನ ಮೂರನೆಯ ಕಂಬವಿದೆ, ಬಿಳಿ ಕಂಬ. ಅದರ ಮೇಲೆ ಬರೆದೆ: ಸರೋಜವ್ವ ಇಂದಿನಿಂದ. ಹನ್ನೆರಡರಿಂದ ಮೂರೂವರೆ ನೆರಳು. ಕುಡಿಯುವ ನೀರು. ಕೆಳಗೆ ಸಹಿ ಮಾಡಿದೆ. ನಿನ್ನ ಕಂಬ ಕೆಡಿಸಿದ್ದೇನೆ.

ನನ್ನ ಹೊಲಕ್ಕೆ ಬರುವ ಏಳು ಜನ ಹತ್ತಿದರು, ಸರೋಜವ್ವ ಮುಂದಿನ ಸೀಟಿಗೆ. ಉಳಿದವರು ಕೂತೇ ಇದ್ದರು. ಚನ್ನೇಶ ನನಗೆ ಅಂದದ್ದನ್ನು ಬರೆಯಲಾರೆ. ಮನೆತನದ ಮಾನ ಎಂಬಲ್ಲಿಂದ ಶುರುವಾಯಿತು. ಇನ್ನೊಬ್ಬ ಬೆಳೆಗಾರ ಕರೀಮಸಾಬ ಹತ್ತು ಗಂಟೆಗೆ ಬಂದು ನನ್ನ ಸಹಿಯ ಕೆಳಗೆ ತನ್ನದನ್ನು ಹಾಕಿದ. ಚನ್ನೇಶ ಎರಡು ದಿನದ ಹೂವು ಕಳೆದುಕೊಂಡು ಶುಕ್ರವಾರ ಬಂದು ಬರೆದ. ಇದ್ದಿಲನ್ನು ಎಷ್ಟು ಜೋರಾಗಿ ಒತ್ತಿದನೆಂದರೆ ಬಟ್ಟೆ ಹರಿಯಿತು. ನಾಲ್ಕನೆಯವನು ಇನ್ನೂ ಬಂದಿಲ್ಲ. ಅವನ ಐದು ಜನ ದಿನಾ ಬಂದು ಕೂತು ಹೋಗುತ್ತಾರೆ.

ನನ್ನ ಹೊಲದಲ್ಲಿ ಬೇವಿನ ಮರದ ಹತ್ತಿರ ತಾಡಪತ್ರಿ ಕಟ್ಟಿ ನೀರಿನ ಕೊಡ ಇಟ್ಟಿದ್ದೇನೆ. ನಾಟಕದ ಹಳೆಯ ಗಂಟೆ ಮನೆಯಲ್ಲಿತ್ತು, ಬೇವಿಗೆ ಕಟ್ಟಿದ್ದೇನೆ. ಹನ್ನೆರಡಕ್ಕೆ ಸರೋಜವ್ವ ಬಾರಿಸುತ್ತಾಳೆ. ಆ ಸದ್ದಿಗೆ ಚನ್ನೇಶನ ಹೊಲದವರೂ ಹೊರಗೆ ಬರುತ್ತಾರೆ. ಮೊದಲ ಸಲ ಆ ನೆಟ್ ಹೌಸಿನೊಳಗೆ ಮಧ್ಯಾಹ್ನ ಎರಡಕ್ಕೆ ನಾನೊಬ್ಬನೇ ಹೋಗಿ ನಿಂತೆ. ಹತ್ತು ನಿಮಿಷ ಇರಲಾಗಲಿಲ್ಲ.

ಆ ಮಾತಿಗೆ, ಆ ಗಂಟಿಗೆ, ಒಂಬತ್ತು ವರ್ಷಕ್ಕೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಯಾವ ನಾಟಕದಲ್ಲೂ ಅದು ಇಲ್ಲ.

ಗಂಟು ಹಾಕಿದವನು,
ಪರಮೇಶ್ವರಪ್ಪ


ದುಂಡಸಿ
೯ ಜೂನ್ ೨೦೨೪

ಶಹಾಬುದ್ದೀನ,

ನಿನ್ನ ಉತ್ತರ ಬರಲಿಲ್ಲ. ಕೇಳುವ ಹಕ್ಕೂ ನನಗಿಲ್ಲ. ಪರದೆಯ ಸುದ್ದಿಯನ್ನು ಮಾತ್ರ ತಿಳಿಸುತ್ತೇನೆ, ಅದು ನಿನ್ನ ಸ್ವತ್ತು.

ಮಳೆ ಶುರುವಾಗಿದೆ. ನವಿಲಿನ ನೀಲಿ ಬಣ್ಣ ಬಿಡುತ್ತಿದೆ. ಕೆಳಗೆ ಕೂತವರ ಸೀರೆಗೆ ಹತ್ತುತ್ತದೆ, ಬೈಯುತ್ತಾರೆ, ಆದರೂ ಅಲ್ಲೇ ಕೂರುತ್ತಾರೆ. ನಾಲ್ಕನೆಯವನೂ ಸಹಿ ಮಾಡಿದ. ಮಳೆಗೆ ಇದ್ದಿಲಿನ ಅಕ್ಷರ ಅಳಿಸಿತು. ನಾನು ಹೆದರಿ ಮತ್ತೆ ಬರೆಯಲು ಹೋದರೆ ಸರೋಜವ್ವ ಅಂದಳು, "ಇರ್ಲಿ ಬಿಡ್ರಿ, ಗಂಟಿ ಐತಲ್ಲ."

ಆಕೆಯ ಮನೆಯಲ್ಲಿ ಒಂದು ಗಡಿಗೆ ಹುಣಸೆಬೀಜವಿತ್ತು. ಆ ಎರಡು ಮರಗಳ ಕಡೆಯ ವರ್ಷದ ಹಣ್ಣಿನದು. ಪಗಡೆಯಾಡಲು ಇಟ್ಟಿದ್ದಳಂತೆ. ಅದನ್ನು ನೆನೆಸಿ, ರಸ್ತೆಯ ಹದ್ದು ಬಿಟ್ಟು ಒಳಗೆ, ಪರದೆಯ ಹಿಂದೆ ಒಂಬತ್ತು ಕಡೆ ಊರಿದರು. ಏಳು ಎದ್ದಿವೆ. ಒಂದನ್ನು ಆಡು ತಿಂದಿತು. ಸಂಜೆ ಇಳಿದವರು ಬಾಟಲಿಯಲ್ಲಿ ಉಳಿದ ನೀರನ್ನು ಒಬ್ಬೊಬ್ಬರು ಒಂದಕ್ಕೆ ಹಾಕಿ ಹೋಗುತ್ತಾರೆ. ಸರದಿ ತಪ್ಪಿಸಿದವರ ಹೆಸರನ್ನು ದಿಲ್ಶಾದ ಟೆಂಪೋದಲ್ಲಿ ಕೂಗುತ್ತಾಳೆ. ಗುರುವಾರ ನನ್ನ ಸರದಿ. ಹೋದ ಗುರುವಾರ ನನ್ನ ಹೆಸರನ್ನೂ ಕೂಗಿದಳು.

ಪರದೆಯನ್ನು ಯಾವಾಗ ಇಳಿಸಲಿ, ಹೇಳು.

ಗುರುವಾರದ ಸರದಿಯವನು,
ಪರಮೇಶ್ವರಪ್ಪ


ಸವಣೂರು
೨೧ ಜೂನ್ ೨೦೨೪

ಪರಮ್ಯಾ,

ಹುಣಸೆ ಎಷ್ಟು ನಿಧಾನ ಬೆಳೆಯುತ್ತದೆಂದು ಬಣ್ಣದವನಾದ ನನಗೂ ಗೊತ್ತು. ಆ ಪರದೆ ಅಷ್ಟು ವರ್ಷ ತಡೆಯುವುದಿಲ್ಲ. ಅಟ್ಟದ ಮೇಲೆ ಇನ್ನೆರಡು ಸುರುಳಿ ಇವೆ. ಬೀದಿ ಒಂದು, ಕಾಡು ಒಂದು. ಕಾಡಿನ ಹಗ್ಗಕ್ಕೆ ಮೂರು ಗಂಟಿವೆ. ದರ್ಬಾರು ಹರಿದ ಮೇಲೆ ಅದನ್ನು ಕಟ್ಟು, ಅದು ಹರಿದ ಮೇಲೆ ಬೀದಿ. ಅಷ್ಟರಲ್ಲಿ ಗಿಡ ಬಿದಿರಿಗಿಂತ ಎತ್ತರವಾಗಬೇಕು. ಆಡು ಬಾರದಂತೆ ಕಾಯಿರಿ.

ಬರುವ ಗುರುವಾರ ರಮಜಾನಬಿಯನ್ನು ಹುಲಗೂರಿನಲ್ಲಿ ಬಿಟ್ಟು ನಾನು ದುಂಡಸಿಗೆ ಬರುತ್ತೇನೆ. ಕಂಬದ ಮೇಲಿನ ಮಾತುಗಳನ್ನು ಮಳೆಗೆ ಹೋಗದ ಬಣ್ಣದಲ್ಲಿ ಬರೆದುಕೊಡುತ್ತೇನೆ. ಗಂಟೆ ಸಾಕು ಎಂದು ಸರೋಜವ್ವ ಅಂದರೂ ಬರೆಯುತ್ತೇನೆ. ಗಂಟೆಯನ್ನು ಒಬ್ಬರು ಬಿಚ್ಚಿಕೊಂಡು ಹೋಗಬಹುದು. ಹರಿದಲ್ಲಿ ತೇಪೆ ಹಾಕಲು ಬಟ್ಟೆ ತರುತ್ತೇನೆ.

ನೀನು ಕೇಳಿದೆ, ಗೊತ್ತಿತ್ತಲ್ಲವೇ ಎಂದು. ಗೊತ್ತಿತ್ತು. ಏಣಿಯನ್ನು ಹಿಡಿದು ನಿಲ್ಲು, ನಾನು ಹತ್ತುತ್ತೇನೆ. ಹಗ್ಗಕ್ಕೆ ಗಂಟು ನಾನೇ ಹಾಕುತ್ತೇನೆ.

ಶಹಾಬುದ್ದೀನ